ಕೊಬಾಯನ್ ಹಾಡು, ಅವ್ವನ ಮಾತು

ಮಗನ ಕೋಣೆಯಿಂದ ಬರುತ್ತಿದ್ದ ಗದ್ದಲ ತಡೆಯಲಾರದೆ ಒಂದು ದಿನ ಬಾಗಿಲು ಬಡಿದೆ. 'ಪಪ್ಪಾ, ಇದು ಮ್ಯಾಗ್ಮಾ' ಅಂದ. ಫ್ರಾನ್ಸಿನ ರಾಕ್ ತಂಡವಂತೆ. 1973ರಲ್ಲಿ ಬಂದ ಅವರ ಮೂರನೇ ಆಲ್ಬಮ್ 'ಮೆಕಾನಿಕ್ ಡೆಸ್ಟ್ರುಕ್ಟಿವ್ ಕೊಮಾಂಡೋ'. ಹೆಸರು ಹೇಳುವುದರಲ್ಲೇ ನಾಲಿಗೆ ಸುಸ್ತು!

ಅವರು ಹಾಡುತ್ತಿದ್ದದ್ದು ಫ್ರೆಂಚ್ ಅಲ್ಲ. ತಂಡ ಕಟ್ಟಿದ ಡ್ರಮ್ಮರ್ ಕ್ರಿಸ್ತಿಯಾನ್ ವಾಂದೆರ್‌ಗೆ ತನ್ನ ಸಂಗೀತಕ್ಕೆ ಫ್ರೆಂಚ್ ಸಾಲದು ಅನ್ನಿಸಿತು. ತಾನೇ ಒಂದು ಭಾಷೆ ಮಾಡಿಕೊಂಡ. 1970ರ ಮೊದಲ ಆಲ್ಬಮ್ಮಿನಲ್ಲಿ ಕೆಲವರು ಭೂಮಿ ಬಿಟ್ಟು ಕೊಬಾಯಾ ಎಂಬ ಗ್ರಹಕ್ಕೆ ಹೋಗಿ ನೆಲೆಸುತ್ತಾರೆ. ಅಲ್ಲಿಯ ಮಾತು ಕೊಬಾಯನ್.

ಆಗ ಅವ್ವ ಧಾರವಾಡದಿಂದ ನಮ್ಮ ಪುಣೆ ಮನೆಗೆ ಬಂದಿದ್ದಳು. ಮೂವತ್ತು ವರ್ಷದಿಂದ ಇಲ್ಲೇ ಇರುವ ನಾನು ಮಗನಿಗೆ ಕನ್ನಡ ಕಲಿಸಿರಲಿಲ್ಲ. ಮುಂದೆ ಕಲಿತಾನೆ ಬಿಡು ಅನ್ನುತ್ತಲೇ ಅವನು ಕಾಲೇಜಿಗೆ ಬಂದಿದ್ದ. ಅಜ್ಜಿ 'ಊಟ ಆತೇನೋ?' ಅಂದರೆ ಅವನು 'ಹ್ಞೂಂ' ಅನ್ನುತ್ತಿದ್ದ. ಅಲ್ಲಿಗೆ ಮುಗಿಯಿತು.

ಒಂದು ಮಧ್ಯಾಹ್ನ ನೋಡಿದರೆ, ಅವ್ವ ಅವನ ಮಂಚದ ಮೇಲೆ ಕೂತು ಅದನ್ನೇ ಕೇಳುತ್ತಿದ್ದಾಳೆ! ಪಿಯಾನೋ, ಡ್ರಮ್ಮು ಒಂದೇ ಪೆಟ್ಟನ್ನು ಮತ್ತೆ ಮತ್ತೆ ಹೊಡೆಯುತ್ತವೆ. ಕ್ಲೌಸ್ ಬ್ಲಾಸ್ಕಿಸ್ ಆರ್ಭಟಿಸುತ್ತಾನೆ. ಹೆಂಗಸರ ಮೇಳ ಅದನ್ನೇ ಎತ್ತಿ ಹಾಡುತ್ತದೆ. ಹಾಡಿನಿಂದ ಹಾಡಿಗೆ ಬಿಡುವೇ ಇಲ್ಲದ 39 ನಿಮಿಷ. ಅರ್ಧ ದಾಟಿದ ಮೇಲೆ ಅವ್ವ ತೊಡೆಯ ಮೇಲೆ ತಾಳ ಹಾಕುತ್ತಾ ಅಂದಳು: 'ಮೊದಲ ಜಗಳಾ ಹಚ್ಚಿದ್ರು. ಈಗ ನೋಡು, ಎಲ್ಲಾರೂ ಕೂಡಿ ಭಜನಿ ಮಾಡಾಕತ್ತಾರ.' ಮಗನೂ ಪಕ್ಕದಲ್ಲಿ ಅದೇ ತಾಳ ಹಾಕುತ್ತಿದ್ದ.

ಆಮೇಲೆ ಆಲ್ಬಮ್ಮಿನ ಕತೆ ಓದಿ ದಂಗಾದೆ. ಒಬ್ಬ ಪ್ರವಾದಿಯ ಮೇಲೆ ಸಿಟ್ಟಿಗೆದ್ದು ಜನ ಮೆರವಣಿಗೆ ಹೊರಡುತ್ತಾರೆ. ನಡೆಯುತ್ತಾ ನಡೆಯುತ್ತಾ ಅವರಿಗೆ ತಮ್ಮ ಮೇಲೇ ಅನುಮಾನ ಹುಟ್ಟುತ್ತದೆ. ಕೊನೆಗೆ ಅವನ ಜೊತೆಗೇ ಹೆಜ್ಜೆ ಹಾಕುತ್ತಾರೆ. ಒಂದು ಪದ ಗೊತ್ತಿಲ್ಲದೆ ಅವ್ವ ಹೇಳಿದ್ದು ಇದನ್ನೇ ಅಲ್ಲವೇ?

ಅವ್ವ ಹೋಗಿ ಈಗ ಎರಡು ವರ್ಷ. ಮೊನ್ನೆ ಮಗ ಅದೇ ಆಲ್ಬಮ್ ಹಾಕಿಕೊಂಡು ಕೂತಿದ್ದ. ನನ್ನನ್ನು ಕಂಡು ಮರಾಠಿಯಲ್ಲಿ ಕೇಳಿದ, 'ಪಪ್ಪಾ, ಅವತ್ತು ಅಜ್ಜಿ ಏನೋ ಅಂದ್ಲಲ್ಲ, ಏನದು?'

ಯಾರ ಊರಿನದೂ ಅಲ್ಲದ ಆ ಭಾಷೆಯ ಹಾಡನ್ನು ಇಬ್ಬರೂ ಕೂಡಿ ಕೇಳಿದ್ದರು, ನನ್ನ ಹಂಗಿಲ್ಲದೆ. ಅಜ್ಜಿಯ ಕನ್ನಡವನ್ನು ಮಾತ್ರ ನಾನು ಮರಾಠಿಯಲ್ಲಿ ಹೇಳಬೇಕಾಯಿತು.