ಬಿದ್ದ ಮೇಲಿನ ಸವಾರಿ

ಧಾರವಾಡವನ್ನು ಬಿಟ್ಟು ಬೆಳಗಾವಿಯ ಹಾದಿ ಹಿಡಿದವರಿಗೆ ಸುಮಾರು 30 ಕಿಲೋಮೀಟರಿನ ಬಳಿಕ ಹೆದ್ದಾರಿಯ ಮಗ್ಗುಲಲ್ಲೇ ಕಿತ್ತೂರು ಸಿಗುತ್ತದೆ. ಬಾಲ್ಯದಿಂದ ಆ ಹೆಸರನ್ನು ಕೇಳುತ್ತ ಬಂದವರು ಮುಗಿಲು ಮುಟ್ಟುವ ಕೋಟೆಯೊಂದನ್ನು ಮನಸ್ಸಿನಲ್ಲಿ ಕಟ್ಟಿಕೊಂಡು ಬರುತ್ತಾರೆ. ಇಲ್ಲಿ ಉಳಿದಿರುವುದು ಮೊಳಕಾಲೆತ್ತರದ, ಎದೆಯೆತ್ತರದ ಮೋಟು ಗೋಡೆಗಳು. ಆದರೂ ಅರಮನೆಯ ಪಡಸಾಲೆ ಯಾವುದು, ಅಡುಗೆಯ ಮನೆ ಯಾವುದು ಎಂದು ಊಹಿಸುತ್ತ ಅಲೆಯುವುದರಲ್ಲಿ ಒಂದು ಸೊಗಸಿದೆ. ಧ್ರುವನಕ್ಷತ್ರವನ್ನು ನೋಡಲೆಂದು ಗೋಡೆಯಲ್ಲಿ ಬಿಟ್ಟ ಕಿಂಡಿಯನ್ನು ಇಂದಿಗೂ ತೋರಿಸುತ್ತಾರೆ. 1824ರ ಅಕ್ಟೋಬರ್ 23ರಂದು ಧಾರವಾಡದ ಕಲೆಕ್ಟರ್ ಥ್ಯಾಕರೆ ಸತ್ತುಬಿದ್ದದ್ದು ಈ ಕೋಟೆಯ ಮುಂದೆಯೇ. ಅದೇ ಡಿಸೆಂಬರಿನಲ್ಲಿ ಕಂಪನಿಯ ಸೈನ್ಯ ಮರಳಿ ಬಂದು ಕೋಟೆಯನ್ನು ಹಿಡಿಯಿತು.

ನಾವು ಕಿತ್ತೂರಿಗೆ ಬಂದದ್ದು ಕೇವಲ ಇತಿಹಾಸ ದರ್ಶನಕ್ಕಲ್ಲ. ನನ್ನ ತಂಗಿಯ ಮಗಳಿಗೆ ರಾಮದುರ್ಗ ತಾಲ್ಲೂಕಿನ ಒಂದು ಬ್ಯಾಂಕಿನಲ್ಲಿ ಕೆಲಸ ದೊರೆತಿತ್ತು. ಕುರ್ಚಿಯಲ್ಲಿ ಕುಳಿತು ಮಾಡುವ ಕೆಲಸವಲ್ಲ. ಸಾಲ ಬೇಡಿದವರ ಹೊಲಮನೆಗಳನ್ನು ಹಳ್ಳಿಹಳ್ಳಿಗೆ ಹೋಗಿ ಕಂಡು ಬರಬೇಕು. ಕೆಲವು ಊರುಗಳಿಗೆ ದಿನಕ್ಕೆ ಎರಡೇ ಬಸ್ಸು. ಸ್ವಂತ ವಾಹನವಿಲ್ಲದೆ ಹುದ್ದೆ ನಡೆಯುವಂತಿಲ್ಲ. ವಾಹನವೇನೋ ಇತ್ತು, ಅವಳ ಸ್ಕೂಟರು ರೈಲಿನ ಪಾರ್ಸೆಲ್ಲಿನಲ್ಲಿ ಬೆಂಗಳೂರಿನಿಂದ ಧಾರವಾಡಕ್ಕೆ ಬಂದಿಳಿದಿತ್ತು. ಇಲ್ಲದ್ದು ಧೈರ್ಯ.

ಐದು ತಿಂಗಳ ಹಿಂದೆ ಗೆಳತಿಯರೊಡನೆ ಒಂದು ಗಿರಿಧಾಮಕ್ಕೆ ಹೋಗಿದ್ದಳು. ಅಲ್ಲಿ ಪ್ರವಾಸಿಗಳ ವಿನೋದಕ್ಕೆಂದು ನಾಲ್ಕು ಗಾಲಿಯ ಬೈಕುಗಳನ್ನು ಇಟ್ಟಿರುತ್ತಾರೆ. ದಪ್ಪ ಗಾಲಿ, ಎತ್ತರದ ಆಸನ, ನೋಡಿದರೆ ಆಟಿಕೆಯಂತಹ ಬಂಡಿ. ಹೆಬ್ಬೆರಳಿನಿಂದ ಇದನ್ನೊತ್ತಿದರೆ ಹೋಗುತ್ತದೆ, ಇದನ್ನು ಹಿಡಿದರೆ ನಿಲ್ಲುತ್ತದೆ ಎಂದಷ್ಟೇ ಹೇಳಿ ಕಳಿಸಿದರು. ಎರಡನೆಯ ತಿರುವಿನಲ್ಲಿ ಬಂಡಿ ಅವಳನ್ನು ಕೆಡವಿ ಪಕ್ಕಕ್ಕೆ ಉರುಳಿತು. ಕೊರಳೆಲುಬು ಮುರಿದು, ಕೆಲವು ವಾರಗಳಲ್ಲಿ ಕೂಡಿಕೊಂಡಿತು. ಆದರೆ ನಾಲ್ಕು ವರ್ಷ ಕಾಲೇಜಿಗೆ ಓಡಿಸಿದ ಸ್ಕೂಟರನ್ನೂ ಅವಳು ಅಂದಿನಿಂದ ಮುಟ್ಟಲಿಲ್ಲ. ಎದೆಗುಂದಬೇಡ ಎಂದವರು ಹತ್ತು ಮಂದಿ. ಬಂಡಿ ಏಕೆ ಉರುಳಿತೆಂದು ಬಿಡಿಸಿ ಹೇಳಿದವರು ಒಬ್ಬರೂ ಇರಲಿಲ್ಲ. ಧಾರವಾಡದಿಂದ ಕಿತ್ತೂರಿನವರೆಗೆ ನನ್ನ ಬೆನ್ನ ಹಿಂದೆ ಕುಳಿತವಳು ಪ್ರತಿ ಲಾರಿಗೂ ನನ್ನ ಅಂಗಿಯನ್ನು ಬಿಗಿಹಿಡಿಯುತ್ತಿದ್ದಳು.

ಮರುದಿನ ಮುಂಜಾನೆ, ಊರು ಏಳುವ ಮೊದಲೇ, ಬಯಲೊಂದಕ್ಕೆ ಸ್ಕೂಟರನ್ನು ತಳ್ಳಿಕೊಂಡು ಹೋದೆವು. ಎಂಜಿನ್ ಹಚ್ಚಲಿಲ್ಲ. ಅವಳು ಅದರ ಮೇಲೆ ಕುಳಿತು ಕಾಲಿನಿಂದ ನೂಕುತ್ತ ಹತ್ತು ಹೆಜ್ಜೆ ಹೋಗುವುದು, ಬ್ರೇಕು ಹಿಡಿದು ನಿಲ್ಲುವುದು. ಅರ್ಧ ತಾಸು ಇದೇ ಆಯಿತು. ಆಮೇಲೆ ಎಂಜಿನ್ ಹಚ್ಚಿ, ನಡೆಯುವವನ ವೇಗದಲ್ಲಿ ನೇರವಾಗಿ ಒಂದಿಷ್ಟು ದೂರ. ತಿರುವು ಬಂದರೆ ಇಳಿದು, ಸ್ಕೂಟರನ್ನು ಕೈಯಿಂದಲೇ ತಿರುಗಿಸಿ, ಮತ್ತೆ ಹತ್ತುತ್ತಿದ್ದಳು. ನೋಡುವವರಿಗೆ ನಗೆ ಬರುವಂತಿತ್ತು. ನೋಡಲು ಬಂದ ಎರಡು ಎಮ್ಮೆಗಳು ಮಾತ್ರ ನಗಲಿಲ್ಲ.

ಕಿತ್ತೂರಿನಿಂದ ಬೈಲಹೊಂಗಲಕ್ಕೆ ಅವಳೇ ಓಡಿಸಿದಳು, ನಾನು ಹಿಂದೆ. ಮುಂದೆ ಹೋದಂತೆ ಎರೆಯ ನೆಲ ಹರಡಿಕೊಳ್ಳುತ್ತದೆ. ಹತ್ತಿ, ಜೋಳ, ಕಡಲೆ, ನೀರಿದ್ದಲ್ಲಿ ಕಬ್ಬು. ಬೈಲಹೊಂಗಲ ಗದ್ದಲದ ಪೇಟೆ. ಆ ಗದ್ದಲದ ನಡುವೆ ಚೆನ್ನಮ್ಮನ ಸಮಾಧಿಯಿದೆ. ಕಿತ್ತೂರು ಬಿದ್ದ ಮೇಲೆ ಸೆರೆಯಾಗಿ ಈ ಊರಿಗೆ ಬಂದ ರಾಣಿ 1829ರಲ್ಲಿ ಇಲ್ಲಿಯೇ ತೀರಿಕೊಂಡಳು. ಕಿತ್ತೂರಿನಲ್ಲಿ ನೆನಪಾಗುವುದು ಗೆದ್ದ ದಿನ. ಇಲ್ಲಿ ನೆನಪಾಗುವುದು ಆ ನಂತರದ ವರ್ಷಗಳು. ನನಗೆ ಈ ಸ್ಥಳವೇ ಹೆಚ್ಚು ಮನಮುಟ್ಟಿತು. ಇದೇ ಸೀಮೆಯ ಬೆಳವಡಿಯ ಮಲ್ಲಮ್ಮ ಹದಿನೇಳನೆಯ ಶತಮಾನದಲ್ಲಿ ಹೆಂಗಸರ ಪಡೆ ಕಟ್ಟಿ ಶಿವಾಜಿಯ ಸೈನ್ಯವನ್ನು ಎದುರಿಸಿದಳೆಂದು ಜನ ಹೇಳುತ್ತಾರೆ. ಇಬ್ಬರನ್ನೂ ಕುದುರೆಯ ಮೇಲೆಯೇ ಚಿತ್ರಿಸುವುದು ರೂಢಿ. ಕಲಿಯುವಾಗ ಅವರು ಎಷ್ಟು ಸಲ ಕುದುರೆಯಿಂದ ಬಿದ್ದರೆಂಬುದನ್ನು ಯಾವ ಲಾವಣಿಕಾರನೂ ಹಾಡಿದಂತಿಲ್ಲ.

ಸವದತ್ತಿಯ ದಾರಿಯಲ್ಲಿ, ಬೇವಿನ ಮರದಡಿಯ ಚಹಾದ ಅಂಗಡಿಯ ಮುಂದೆ ನಿಂತಾಗ, ಕಬ್ಬು ಇಳಿಸಿ ಬಂದಿದ್ದ ಟ್ರ್ಯಾಕ್ಟರಿನ ಹಿರಿಯರೊಬ್ಬರು ಮಾತಿಗೆ ಸಿಕ್ಕರು. ಇವಳ ಕಥೆ ಕೇಳಿ ಅವರು ಅಚ್ಚರಿಪಡಲಿಲ್ಲ.

“ನಾಕು ಗಾಲಿ ಅದಾವ ಅಂತ ನಂಬಬ್ಯಾಡ ತಂಗಿ. ಇಳಿಜಾರಿನ್ಯಾಗ ಅಡ್ಡ ತಿರುವಿದ್ರ ನಮ್ಮ ಟ್ರ್ಯಾಕ್ಟರೂ ಉಳ್ಳತೈತಿ. ನೀ ಎತ್ಲಾಗ ವಾಲಿದ್ದಿ?”

ಇವಳು ಯೋಚಿಸಿ, “ಹೊರಗಡೆಗೆ, ಕಾಕಾ. ಬೀಳುತ್ತೇನೆಂದು ಹೆದರಿ ಹೊರಕ್ಕೆ ವಾಲಿದೆ,” ಎಂದಳು.

“ಹಂಗಾರ ಮತ್ತ!” ಎಂದು ಅವರು ಬಟ್ಟಲನ್ನು ಕೆಳಗಿಟ್ಟರು.

ಆ ಒಂದು ಪ್ರಶ್ನೆಯಲ್ಲಿ ಇಡೀ ಶಾಸ್ತ್ರವಿತ್ತು. ಸ್ಕೂಟರು ತಿರುವಿನಲ್ಲಿ ತಾನೇ ಒಳಕ್ಕೆ ಬಾಗುತ್ತದೆ. ಸವಾರನೂ ಅದರೊಂದಿಗೆ ಬಾಗುತ್ತಾನೆ. ನಾಲ್ಕು ಗಾಲಿಯ ಬೈಕು ಬಾಗುವುದಿಲ್ಲ. ಅಗಲ ಕಡಿಮೆ, ಎತ್ತರ ಹೆಚ್ಚು; ಆದ್ದರಿಂದ ಸವಾರನೇ ಆಸನದ ಮೇಲೆ ಸರಿದು ತನ್ನ ಭಾರವನ್ನು ತಿರುವಿನ ಒಳಗಡೆಗೆ ಕೊಡಬೇಕು. ಇಂತಹ ಅನೇಕ ಬಂಡಿಗಳಲ್ಲಿ ಹಿಂದಿನ ಗಾಲಿಗಳೆರಡೂ ಒಂದೇ ಅಚ್ಚಿಗೆ ಬಿಗಿದಿರುತ್ತವೆ. ಎರಡೂ ಸಮನಾಗಿ ಸುತ್ತುವುದರಿಂದ ತಿರುವಿನಲ್ಲಿಯೂ ಬಂಡಿ ನೇರಕ್ಕೇ ಹಟ ಹಿಡಿಯುತ್ತದೆ. ಇನ್ನು ವೇಗದ ಗುಂಡಿ ಹೆಬ್ಬೆರಳಿನ ಕೆಳಗೇ ಇರುವುದು. ಮೈ ಜೋಲಿ ಹೊಡೆದಾಗ ಕೈ ಹಿಡಿಯನ್ನು ಬಿಗಿಯುತ್ತದೆ, ಬೆರಳು ಒತ್ತುತ್ತದೆ, ನಿಲ್ಲಬೇಕಾದ ಬಂಡಿ ಮುನ್ನುಗ್ಗುತ್ತದೆ. ಸ್ಕೂಟರಿನ ಅಭ್ಯಾಸ ಅಲ್ಲಿ ನೆರವಿಗೆ ಬರುವುದಿಲ್ಲ.

“ಹಾಗಾದರೆ ಅಂದು ಬೀಳಿಸಿದ್ದು ಸ್ಕೂಟರಿನಲ್ಲಿ ಇಲ್ಲವೇ ಇಲ್ಲ, ಅಲ್ಲವೇ ಮಾಮಾ?” ಎಂದಳು. ಅಲ್ಲಿಂದ ಮುಂದೆ ಅವಳ ಹೆಗಲು ಸಡಿಲವಾದದ್ದನ್ನು ನಾನು ಹಿಂದಿನಿಂದಲೇ ಕಂಡೆ.

ಸವದತ್ತಿ ಹಳೆಯ ಸುಗಂಧವರ್ತಿ. ರಟ್ಟರು ವೇಣುಗ್ರಾಮಕ್ಕೆ, ಎಂದರೆ ಈಗಿನ ಬೆಳಗಾವಿಗೆ, ಹೋಗುವ ಮುನ್ನ ಆಳಿದ ರಾಜಧಾನಿ. ಊರಿನಿಂದ ಕೆಲವೇ ಕಿಲೋಮೀಟರಿನಲ್ಲಿ ಯಲ್ಲಮ್ಮನ ಗುಡ್ಡ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಅಲ್ಲಿ ಜನಸಾಗರ. ಭರತ ಹುಣ್ಣಿಮೆಗಂತೂ ಚಕ್ಕಡಿ, ಟ್ರ್ಯಾಕ್ಟರುಗಳ ಸಾಲು ಮುಗಿಯುವುದೇ ಇಲ್ಲ. ನಾವು ಶನಿವಾರ ನಸುಕಿನಲ್ಲಿ ಹೊರಟೆವು. ಏರು ಅವಳಿಗೆ ಕಷ್ಟವಾಗಲಿಲ್ಲ. ಇಳಿಯುವಾಗ ಮೊದಲ ತಿರುವಿನಲ್ಲೇ ಕಾಲೂರಿ ನಿಂತುಬಿಟ್ಟಳು. ಮುಖ ಬಿಳಿಚಿತ್ತು. ನಾನು ಮಾತನಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ತಾನೇ, “ರಸ್ತೆಯ ಅಂಚನ್ನೇ ನೋಡುತ್ತಿದ್ದೆ,” ಎಂದಳು. ಕಣ್ಣು ಹೋದ ಕಡೆಗೇ ಗಾಡಿ ಹೋಗುತ್ತದೆಂಬುದು ಸವಾರರೆಲ್ಲ ಬಲ್ಲ ಮಾತು. ತಿರುವಿಗೆ ಮುಂಚೆಯೇ ವೇಗ ತಗ್ಗಿಸಿ, ದೃಷ್ಟಿಯನ್ನು ತಿರುವಿನ ಆಚೆಗಿಟ್ಟು ಇಳಿದಳು. ಕೆಳಗೆ ಬಂದವಳು ನನ್ನನ್ನು ಇಳಿಸಿ, ಒಬ್ಬಳೇ ಮತ್ತೆ ಏರಿ, ಮತ್ತೆ ಇಳಿದು ಬಂದಳು. ದೇವಿಯ ದರ್ಶನ ನನಗೆ ಒಮ್ಮೆ. ಅವಳಿಗೆ ಎರಡು ಸಲ.

ನವಿಲುತೀರ್ಥದಲ್ಲಿ ಎರಡು ಗುಡ್ಡಗಳ ಇಕ್ಕಟ್ಟಿನಲ್ಲಿ ಮಲಪ್ರಭೆಯನ್ನು ತಡೆದ ಅಣೆಕಟ್ಟು 1972ರಲ್ಲಿ ಮುಗಿಯಿತು. ಅದರ ಹಿಂದೆ ರೇಣುಕಾಸಾಗರ ಕಣ್ಣು ಹರಿಯುವಷ್ಟು ದೂರ ಹರಡಿದೆ. ಅಲ್ಲಿ ಒಂದು ತಾಸು ಕುಳಿತು ರೊಟ್ಟಿ, ಶೇಂಗಾಚಟ್ನಿ ತಿಂದೆವು.

ರಾಮದುರ್ಗ ಭಾವೆ ಮನೆತನದ ಸಂಸ್ಥಾನವಾಗಿತ್ತು. 1939ರ ಪ್ರಜಾಚಳವಳಿಯ ರಕ್ತಪಾತವನ್ನು ಕಂಡು, 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಈಗ ಕೋಟೆಗಿಂತ ಕಿವಿಗೆ ಬೀಳುವುದು ಮಗ್ಗದ ಸದ್ದು. ಮಲಪ್ರಭೆ ಇಲ್ಲಿ ಸಾಧುವಾಗಿ ಕಾಣುತ್ತಾಳೆ. 2019ರ ಆಗಸ್ಟಿನ ಮಹಾಪೂರವನ್ನು ಕಂಡ ದಂಡೆಯ ಊರಿನವರು ಹಾಗೆನ್ನುವುದಿಲ್ಲ.

ಭಾನುವಾರ ಅವಳು ಒಬ್ಬಳೇ ಸುರೇಬಾನಿನ ಕಡೆಗೆ ಹೋಗಿ, ಶಬರಿ ರಾಮನಿಗಾಗಿ ಕಾದಳೆನ್ನುವ ಕೊಳ್ಳವನ್ನು ನೋಡಿಕೊಂಡು ಬಂದಳು. ದಾರಿಯಲ್ಲಿ ಹೊಸದಾಗಿ ಕಡಿ ಹಾಕಿದ ಕಡೆ ಧೈರ್ಯ ಸಾಲದೆ ಇಳಿದು, ಸ್ಕೂಟರನ್ನು ತಳ್ಳಿಕೊಂಡೇ ದಾಟಿದಳಂತೆ. ನಾಲ್ಕು ಗಾಲಿಯ ಬೈಕನ್ನು ಇನ್ನೊಮ್ಮೆ ಹತ್ತುವೆಯಾ ಎಂದು ಕೇಳಿದೆ. “ಸಮತಟ್ಟಾದ ಬಯಲಿರಬೇಕು, ಒಂದು ದಿನ ಪೂರ್ತಿ ಕಲಿಸುವವರಿರಬೇಕು. ಆಗ ನೋಡೋಣ,” ಎಂದಳು.

ಸೋಮವಾರ ಬೆಳಿಗ್ಗೆ ನಾನು ಬಸ್ ನಿಲ್ದಾಣಕ್ಕೆ ಹೊರಡುವ ಹೊತ್ತಿಗೆ ಅವಳು ಆಗಲೇ ಕೆಲಸಕ್ಕೆ ಹೊರಟುಹೋಗಿದ್ದಳು.