ಬರೆಯುವ ಕೈ, ಪರಿಶೋಧಿಸುವ ಕಣ್ಣು

"ದಿನದ ಲೆಕ್ಕ ಬರೆಯಲು ಗುಮಾಸ್ತರೊಬ್ಬರು ಸಾಕೇ, ಇಲ್ಲವೆ ಎಲ್ಲವನ್ನೂ ಆಡಿಟರಿಗೆ ಒಪ್ಪಿಸಿಬಿಡೋಣವೇ?" ಸಣ್ಣ ವ್ಯಾಪಾರ ಆರಂಭಿಸುವ ನಮ್ಮ ಬಂಧುಗಳು ಆಗಾಗ ಕೇಳುವ ಪ್ರಶ್ನೆಯಿದು. ಇದಕ್ಕೆ ಉತ್ತರವನ್ನು ನಾನು ಕಲಿತದ್ದು ನನ್ನದೇ ತಪ್ಪಿನಿಂದ.

ಕಾರ್ಕಳದ ಪೇಟೆಯಲ್ಲಿ ನಮ್ಮದೊಂದು ಕಬ್ಬಿಣದ ಸಾಮಾನಿನ ಅಂಗಡಿ. ತೀರ್ಥರೂಪರ ಕಾಲದಿಂದಲೂ ಅಲ್ಲಿ ಕಿರ್ದಿ, ಖಾತೆ ಬರೆಯುತ್ತಿದ್ದ ಹಿರಿಯರನ್ನು ನಾವೆಲ್ಲ 'ರೈಟರು' ಎಂದೇ ಕರೆಯುತ್ತಿದ್ದೆವು. ಅಂದಿನ ಲೆಕ್ಕ ಅಂದೇ ಬರೆದು, ಪೆಟ್ಟಿಗೆಯ ಹಣ ತಾಳೆಯಾದ ಮೇಲೆಯೇ ಅವರು ಮನೆಗೆ ಹೊರಡುತ್ತಿದ್ದುದು. 2017ರ ಜುಲೈ 1ರಂದು ಜಿ.ಎಸ್.ಟಿ. ಜಾರಿಗೆ ಬಂದಾಗ ನನಗೆ ದಿಗಿಲಾಯಿತು. ಹೊಸ ಕಾನೂನು ಈ ವೃದ್ಧರಿಗೆ ತಿಳಿಯದೆಂದು ಭಾವಿಸಿ, ಮರುವರ್ಷ ಅವರನ್ನು ಗೌರವದಿಂದಲೇ ಬೀಳ್ಕೊಟ್ಟೆ. ಅಂದಿನಿಂದ ಬಿಲ್ಲುಗಳ ಕಟ್ಟನ್ನು ತಿಂಗಳಿಗೊಮ್ಮೆ ಆಡಿಟರ ಕಚೇರಿಗೆ ಮುಟ್ಟಿಸುವುದೇ ನಮ್ಮ ಲೆಕ್ಕವಾಯಿತು.

2019ರಲ್ಲಿ ಒಬ್ಬ ರೈತರು ಬಂದರು. ಮನೆಯ ಮಾಡಿನ ಸಾಮಾನಿಗೆಂದು ಹಿಂದೆ ಕೊಟ್ಟಿದ್ದ ಮುಂಗಡ 15,000 ರೂಪಾಯಿಯನ್ನು ಮರಳಿ ಕೇಳಿದರು. ಮನೆ ಕಟ್ಟುವ ಯೋಚನೆಯನ್ನೇ ಅವರು ಬಿಟ್ಟಿದ್ದರು. ಆಡಿಟರು ಕೊಟ್ಟ ಪಟ್ಟಿಯಲ್ಲಿ 'ಗ್ರಾಹಕರ ಮುಂಗಡ' ಎಂಬ ಒಂದೇ ಮೊತ್ತವಿತ್ತು, ಹೆಸರುಗಳಿರಲಿಲ್ಲ. ಹಣ ಎಣಿಸಿ ಕೊಡುವುದರಲ್ಲಿದ್ದೆ. ಆದರೂ ಮನಸ್ಸು ತಡೆದು, ಅಟ್ಟದ ಮೇಲಿನ ಹಳೆಯ ಕಿರ್ದಿಯನ್ನು ಇಳಿಸಿ ನೋಡಿದೆ. 15,000ದ ನಮೂದಿನ ಕೆಲವು ಪುಟಗಳ ಆಚೆಗೆ, ಅವರದೇ ಹೆಸರಿನಲ್ಲಿ ಇನ್ನೂ 10,000 ಜಮೆಯಾಗಿತ್ತು. 'ಪತ್ನಿಯ ಕೈಯಿಂದ ಬಂದದ್ದು' ಎಂದು ರೈಟರು ಬರೆದಿದ್ದರು. ಆಕೆ ಹಿಂದಿನ ಮಳೆಗಾಲದಲ್ಲಿ ತೀರಿಕೊಂಡಿದ್ದರು. ಹಾಲು ಮಾರಿ ಕೂಡಿಸಿದ ಆ ಹಣದ ಸಂಗತಿ ಪತಿಗೇ ತಿಳಿದಿರಲಿಲ್ಲ.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಸತ್ಯಾಣುವ್ರತದ ಅತಿಚಾರಗಳಲ್ಲಿ 'ನ್ಯಾಸಾಪಹಾರ'ವೂ ಒಂದು. ಇಟ್ಟವನು ಮರೆತು ಕಡಿಮೆ ಕೇಳಿದಾಗ 'ಹೌದು, ಅಷ್ಟೇ' ಎಂದು ಒಪ್ಪಿ ಕೊಡುವುದೂ ದೋಷವೆಂದು ಟೀಕಾಕಾರರು ವಿವರಿಸಿದ್ದಾರೆ. ನಾನು ಬೇಕೆಂದು ಹಾಗೆ ಮಾಡುತ್ತಿರಲಿಲ್ಲ, ನಿಜ. ಆದರೆ ತಿಳಿಯುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆನಲ್ಲ! ಆಡಿಟರದು ಇದರಲ್ಲಿ ತಪ್ಪಿಲ್ಲ. ನಾವು ಕೊಟ್ಟ ಕಾಗದವನ್ನಷ್ಟೇ ಅವರು ನೋಡಬಲ್ಲರು.

ಗುಮಾಸ್ತರ ಕೆಲಸ ಪ್ರತಿದಿನದ್ದು: ಯಾರಿಂದ ಬಂತು, ಯಾರಿಗೆ ಹೋಯಿತು, ಏನು ಉಳಿಯಿತು ಎಂಬುದನ್ನು ಮರೆಯುವ ಮೊದಲೇ ಬರೆದಿಡುವುದು. ಆಡಿಟರ ಕೆಲಸ ಆ ಬರಹದ ಮೇಲೆ ನಿಂತದ್ದು: ತೆರಿಗೆ, ಬ್ಯಾಂಕಿನ ಸಾಲ, ಪಾಲುದಾರರ ಹಂಚಿಕೆ, ಕಾನೂನಿನ ಸಲಹೆ. ವಾರ್ಷಿಕ ವಹಿವಾಟು 1 ಕೋಟಿ ರೂಪಾಯಿ ದಾಟಿದರೆ ಸಾಮಾನ್ಯವಾಗಿ ಚಾರ್ಟರ್ಡ್ ಅಕೌಂಟೆಂಟರ ಪರಿಶೋಧನೆ ಕಡ್ಡಾಯ. ನಗದು ವ್ಯವಹಾರ ನೂರಕ್ಕೆ 5ನ್ನು ಮೀರದವರಿಗೆ ಆ ಮಿತಿ 10 ಕೋಟಿ. 2013ರ ಕಂಪೆನಿ ಕಾಯಿದೆಯಂತೂ ಕಂಪೆನಿಯ ಲೆಕ್ಕಪರಿಶೋಧಕರು ಅದೇ ಕಂಪೆನಿಯ ಲೆಕ್ಕ ಬರೆಯಬಾರದೆಂದು ನಿಷೇಧಿಸಿದೆ. ಬರೆಯುವ ಕೈ ಬೇರೆ, ಪರಿಶೋಧಿಸುವ ಕಣ್ಣು ಬೇರೆ ಇರಬೇಕೆಂಬ ಈ ವಿವೇಕ ಸಣ್ಣ ಅಂಗಡಿಗೂ, ಬಸದಿಯ ಆಡಳಿತ ಮಂಡಳಿಗೂ ಸಲ್ಲುತ್ತದೆ.

ಆದುದರಿಂದ ಇಬ್ಬರಲ್ಲಿ ಒಬ್ಬರನ್ನೇ ನಿತ್ಯಕ್ಕೆ ಇಟ್ಟುಕೊಳ್ಳುವ ಶಕ್ತಿ ನಿಮಗಿದ್ದರೆ, ಮೊದಲು ಪ್ರಾಮಾಣಿಕ ಗುಮಾಸ್ತರನ್ನು ಹುಡುಕಿರಿ. ಆಡಿಟರ ಬಳಿಗೆ ಅಗತ್ಯ ಬಿದ್ದಾಗ ಹೋಗಿ ತಕ್ಕ ಶುಲ್ಕ ಕೊಡಿರಿ.

ರೈತರಿಗೆ 25,000 ರೂಪಾಯಿಯನ್ನು ಒಪ್ಪಿಸಿದ ಸಂಜೆಯೇ ರೈಟರ ಮನೆಗೆ ಹೋದೆ. ಕಣ್ಣು ಮಂಜಾಗಿದೆಯೆಂದು ಅವರು ಮರಳಿ ಬರಲೊಪ್ಪಲಿಲ್ಲ. ಆದರೆ ಬಿ.ಕಾಂ. ಮುಗಿಸಿದ ಹುಡುಗಿಯೊಬ್ಬಳನ್ನು ನಾವು ನೇಮಿಸಿಕೊಂಡಾಗ, ಒಂದು ತಿಂಗಳು ಅಂಗಡಿಗೆ ಬಂದು ಕುಳಿತು ಅವಳಿಗೆ ಕೆಲಸ ಕಲಿಸಿದರು. ಅವಳು ಬರೆಯುವುದು ಕಂಪ್ಯೂಟರಿನಲ್ಲಿ. ಪೆಟ್ಟಿಗೆ ತಾಳೆಯಾಗದೆ ಅವಳೂ ಏಳುವುದಿಲ್ಲ. ಅವಳು ಬರೆದುದನ್ನು ಪ್ರತಿ ಶನಿವಾರ ನಾನೇ ಕುಳಿತು ಓದುತ್ತೇನೆ.