ಕರಿಯನ ಎಡಗಿವಿ

ಕಪ್ಪು ನಾಯಿಯ ಚಿತ್ರ ಬರೆಯುವುದು ಸುಲಭ ಅಂದುಕೊಂಡಿದ್ದೆ. ಪೆನ್ಸಿಲ್ಲೂ ಕಪ್ಪು, ನಾಯಿಯೂ ಕಪ್ಪು.

ಕರಿಯ ನಮ್ಮ ಮನೆಯ ನಾಯಿ ಅನ್ನುವ ಹಾಗೂ ಇರಲಿಲ್ಲ. ಹುಬ್ಬಳ್ಳಿಯಲ್ಲಿ ನಮ್ಮ ಓಣಿಗೆಲ್ಲ ಸೇರಿದ ನಾಯಿ. ಹನ್ನೊಂದು ವರ್ಷ ಬೆಳಿಗ್ಗೆ ಅಪ್ಪನ ಜೊತೆ ಉಣಕಲ್ ಕೆರೆಯವರೆಗೆ ನಡೆದು, ಬಂದು, ಅರ್ಧ ರೊಟ್ಟಿ ತಿಂದು ಕಟ್ಟೆಯ ಮೇಲೆ ಮಲಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಸತ್ತಿತು. ಅಪ್ಪ ಏನೂ ಅನ್ನಲಿಲ್ಲ. ವಾಕಿಂಗ್ ಬಿಟ್ಟರು, ಅಷ್ಟೇ. ಆರು ಗಂಟೆಗೆ ಎದ್ದು ಕುರ್ಚಿಯಲ್ಲಿ ಸುಮ್ಮನೆ ಕೂತಿರುತ್ತಿದ್ದರು. ಅದನ್ನು ನೋಡಲಾಗದೆ ನಾನು ಪೆನ್ಸಿಲ್ ಹಿಡಿದದ್ದು.

ಇದ್ದದ್ದು ಒಂದೇ ಫೋಟೋ. ಫ್ಲ್ಯಾಶ್ ಬಿದ್ದು ಕಣ್ಣು ಹಸಿರು ದೀಪ, ಮೈಯೆಲ್ಲ ಬರೀ ಮಸಿ. ಚೌಕುಳಿ ಹಾಕಿಕೊಂಡು ಹಾಳೆಗೆ ಇಳಿಸಿದೆ. ಆಕಾರವೇನೋ ಬಂತು. ಮಾರನೇ ದಿನ 6ಬಿ ಪೆನ್ಸಿಲ್ಲಿನಲ್ಲಿ ಒತ್ತಿ ಒತ್ತಿ ತುಂಬಿದೆ. ಕಾಗದದ ಸಣ್ಣ ಕುಳಿಗಳೆಲ್ಲ ಮುಚ್ಚಿ ಮಿರಮಿರ ಹೊಳೆಯತೊಡಗಿತು. ಹಾಗಾದ ಮೇಲೆ ಪೆನ್ಸಿಲ್ ಬರೀ ಜಾರುತ್ತದೆ. ಅಪ್ಪ ಹಿಂದಿನಿಂದ ಬಗ್ಗಿ ನೋಡಿ, "ಕರಡಿ ಏನ್ಲೇ ಇದು?" ಅಂದರು. ಹರಿದು ಹಾಕಿದೆ.

ಆಮೇಲೆ ಎರಡು ವಾರ ಬರೆಯಲೇ ಇಲ್ಲ. ಡ್ಯೂರರ್ 1502ರಲ್ಲಿ ಬರೆದ ಮೊಲದ ಚಿತ್ರವನ್ನು ಮೊಬೈಲಿನಲ್ಲಿ ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಕೂದಲು ಒಂದೊಂದು ಕಡೆ ಒಂದೊಂದು ದಿಕ್ಕಿಗೆ ಹೊರಳಿದೆ. ಕಣ್ಣೊಳಗೆ ಕಿಟಕಿಯ ಚೌಕಟ್ಟು ಮಿನುಗುತ್ತಿದೆ. ಐನೂರು ವರ್ಷದ ಹಿಂದಿನ ಯಾವುದೋ ಕಿಟಕಿ! ಓಣಿಯ ಬೇರೆ ಕಪ್ಪು ನಾಯಿಗಳನ್ನೂ ನಿಂತು ನೋಡತೊಡಗಿದೆ (ಜನ ನನ್ನನ್ನು ನೋಡಿದರು). ಬಿಸಿಲಿಗೆ ಬಂದರೆ ಅವುಗಳ ಬೆನ್ನು ನೀಲಿ, ಕಿವಿಯ ಅಂಚು ಕಂದು. ಪೂರ್ತಿ ಕಪ್ಪು ಇರುವುದು ಮೂಗಿನ ಹೊಳ್ಳೆಯಲ್ಲಿ ಮಾತ್ರ.

ಎರಡನೇ ಹಾಳೆಗೆ ಎಚ್‌ಬಿಯಿಂದ ಶುರು. ತೆಳುವಾಗಿ ಒಂದು ಪದರ, ಅದರ ಮೇಲೆ ಇನ್ನೊಂದು. ಈ ದಾರಿಯಲ್ಲಿ ನಡುವಿನ ದಿನಗಳು ಬಹಳ ಕೆಟ್ಟವು. ನಾಯಿಯೂ ಅಲ್ಲ, ಏನೂ ಅಲ್ಲ, ಬೂದಿ ಮೆತ್ತಿದ ಹಾಗೆ ಕಾಣುತ್ತದೆ. ಮತ್ತೆ ಹರಿಯುವವಳೇ ಇದ್ದೆ. ಅಪ್ಪ ಕನ್ನಡಕ ಹಾಕಿಕೊಂಡು ಬಂದರು.

"ಎಡಗಿವಿ ಹಿಂಗ ಇರ್ಲಿಲ್ಲ. ತುದಿ ಹರಿದಿತ್ತು. ಬಸ್ ಸ್ಟ್ಯಾಂಡ್ ನಾಯಿಗೋಳ ಜೋಡಿ ಜಗಳ ತಗದು ಬಂದಿತ್ತಲ್ಲ."

ಫೋಟೋದಲ್ಲಿ ಆ ಕಿವಿ ಕತ್ತಲಲ್ಲಿ ಕರಗಿಹೋಗಿದೆ. ಅಂದಿನಿಂದ ದಿನಾ ಸಂಜೆ ಅಪ್ಪನ ತಪಾಸಣೆ. ಹುಬ್ಬಿನ ಮೇಲಿನ ಗಾಯ, ತುಸು ಓರೆಯಾದ ದವಡೆ. ಕಿವಿ ಸರಿಹೋಯಿತು, ಕಣ್ಣೂ ಬಂತು. ಕೊನೆಗೆ ಒಂದು ದಿನ ಕೇಳಿದರು: "ಗದ್ದದಾಗಿನ ಬೆಳ್ಳನ್ನ ಕೂದ್ಲ ಎಲ್ಲಿ? ಮುಪ್ಪಿನಾಗ ಬಂದಿದ್ವು."

ಆ ಜಾಗ ಆಗಲೇ ದಟ್ಟವಾಗಿ ತುಂಬಿತ್ತು. ರಬ್ಬರ್ ಉಜ್ಜಿದರೆ ಬೂದು ಬರುತ್ತದೆ, ಬಿಳಿ ಬರುವುದಿಲ್ಲ. ಬಿಳಿ ಕೂದಲನ್ನು ಎಲ್ಲಕ್ಕಿಂತ ಮೊದಲೇ ಮಸಿಯಿಲ್ಲದ ರೀಫಿಲ್ಲಿನಿಂದ ಕೊರೆದಿಡಬೇಕು. ಆಮೇಲೆ ಮೇಲೆ ಪೆನ್ಸಿಲ್ ಆಡಿಸಿದಾಗ ಆ ಗೀರು ಮಾತ್ರ ಬೆಳ್ಳಗೆ ಉಳಿಯುತ್ತದೆ.

ಮೂರನೇ ಹಾಳೆ ತೆಗೆದೆ. ಖಾಲಿಯಾದ ರೀಫಿಲ್ ಒತ್ತಿ ಗದ್ದ ಬರುವ ಜಾಗದಲ್ಲಿ ಒಂದೊಂದೇ ಗೀರು ಎಳೆದೆ. ಅಪ್ಪ ಹಾಳೆಯನ್ನು ಟ್ಯೂಬ್‌ಲೈಟಿಗೆ ಹಿಡಿದು ಓರೆ ಮಾಡಿ ನೋಡಿದರು.

"ಏನೂ ಕಾಣವಲ್ದಲ್ಲ?"

"ಕಾಣ್ತಾವ, ತಡೀರಿ" ಅಂದೆ.

ಕುರ್ಚಿ ಎಳೆದುಕೊಂಡು ಪಕ್ಕದಲ್ಲೇ ಕೂತರು.